ಪಿಕಪ್ಪಿಗೆ ಸಬ್ ವೂಫರ್: ಮೊದಲು ತಂತಿ, ಆಮೇಲೆ ಪೆಟ್ಟಿಗೆ

ಕೊಳೆರೋಗ, ಮೈಲುತುತ್ತು, ಕಾಳುಮೆಣಸಿನ ಬಳ್ಳಿ ಎಂದು ಬರೆಯತಕ್ಕ ಈ ಪುಟದಲ್ಲಿ ಹಾಡಿನ ಪೆಟ್ಟಿಗೆಗೇನು ಕೆಲಸವೆಂದು ಹಿರಿಯರು ಕೆಲವರು ಕೇಳಬಹುದು. ಆದರೆ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಕಡೆಗಳಲ್ಲಿ ಪಿಕಪ್ಪೆಂಬುದು ಈಗ ಹಾರೆ, ಪಿಕ್ಕಾಸುಗಳಷ್ಟೇ ಕೃಷಿಯ ಉಪಕರಣವಾಗಿಬಿಟ್ಟಿದೆ. ತೋಟಕ್ಕೆ ಗೊಬ್ಬರ ಬರುವುದು ಅದರಲ್ಲಿ. ಚಾಲಿ ಅಡಿಕೆ, ತೆಂಗಿನಕಾಯಿ, ರಬ್ಬರ್ ಶೀಟು ಹೊರಹೋಗುವುದೂ ಅದರಲ್ಲಿಯೇ. 1956ರ ನವೆಂಬರ 1ರಿಂದ ನಾವು ಕೇರಳದವರಾದರೂ ನಮ್ಮಲ್ಲಿ ಹಲವರ ಅಡಿಕೆ ವಿಟ್ಲ, ಪುತ್ತೂರು, ಮಂಗಳೂರುಗಳ ದಾರಿಯನ್ನು ಮರೆತದ್ದಿಲ್ಲ. ಆ ದಾರಿಯಲ್ಲಿ ಓಡಾಡುವ ಗಾಡಿಯೊಳಗೆ ಏನನ್ನು ಜೋಡಿಸುತ್ತೇವೆ, ಹೇಗೆ ಜೋಡಿಸುತ್ತೇವೆ ಎಂಬುದು ಕೃಷಿಕನ ಲಾಭನಷ್ಟಕ್ಕೆ ಸೇರಿದ ವಿಚಾರವೇ ಆಗಿದೆ.

ಈಚೆಗೆ ಗಾಡಿ ಓಡಿಸುವ ತರುಣರು ಕಂಪೆನಿಯಿಂದ ಬಂದ ಹಾಡಿನ ಸಾಧನಕ್ಕೆ ತೃಪ್ತಿಪಡದೆ ಸಬ್ ವೂಫರ್ ಒಂದನ್ನು ಹೊರಗಿನಿಂದ ತಂದು ಕೂಡಿಸುವುದುಂಟು. ಮನೆಯ ಯಜಮಾನರು ಇದನ್ನು ದುಂದುವೆಚ್ಚವೆಂದು ಗದರಿಸುವರು. ನನಗೆ ಹಾಗೆ ತೋರುವುದಿಲ್ಲ. ಇಡೀ ದಿನ ಒಬ್ಬನೇ ಕೂತು ಹೇರು ಸಾಗಿಸುವವನಿಗೆ ಒಂದು ಒಳ್ಳೆಯ ಪದ ಕೇಳುವ ಹಕ್ಕಿಲ್ಲವೇ? ನನ್ನ ತಕರಾರು ಪೆಟ್ಟಿಗೆಯ ಮೇಲಲ್ಲ, ಅದರ ಹಿಂದಿನ ತಂತಿಯ ಮೇಲೆ. ದುಡ್ಡೆಲ್ಲ ಪೆಟ್ಟಿಗೆಗೆ ಹೋಗಿ, ತಂತಿಗೂ ಫ್ಯೂಸಿಗೂ ಉಳಿಯುವುದು ಚಿಲ್ಲರೆ ಮಾತ್ರ. ಗಾಡಿಯನ್ನು ಸುಡುವುದು ಆ ಚಿಲ್ಲರೆಯೇ.

ಮೊದಲು ಕಂಪೆನಿಯ ಸಾಧನದಲ್ಲಿ ಏನು ಕೊರತೆಯೆಂಬುದನ್ನು ತಿಳಿಯಬೇಕು. ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಸಲ ಕಂಪಿಸುವ ನಾದವನ್ನು ಗ್ರಹಿಸುವುದೆಂದು ಲೆಕ್ಕ. ಇದರಲ್ಲಿ 100ಕ್ಕಿಂತ ಕೆಳಗಿನ ತಗ್ಗುನಾದ ಹೊರಡಬೇಕಾದರೆ ಸ್ಪೀಕರು ಹೆಚ್ಚು ಗಾಳಿಯನ್ನು ತಳ್ಳಬೇಕು. ಬಾಗಿಲಿನೊಳಗಿನ ಅಂಗೈಯಗಲದ ಸ್ಪೀಕರಿಗೆ ಅದು ಆಗದ ಕೆಲಸ. ಅದನ್ನು ನಡೆಸುವ ರೇಡಿಯೋದ ಮೇಲೆ 50 ವ್ಯಾಟು ಎಂದು ಅಚ್ಚಾಗಿದ್ದರೂ ಅದು ಕ್ಷಣಮಾತ್ರದ ಏರಿಕೆಯ ಲೆಕ್ಕ. ಎಡೆಬಿಡದೆ ಕೊಡತಕ್ಕ ಶಕ್ತಿ ಒಂದೊಂದು ಸ್ಪೀಕರಿಗೆ ಸಾಮಾನ್ಯವಾಗಿ 15-20 ವ್ಯಾಟು ಅಷ್ಟೆ. ಮೇಲಾಗಿ ಡೀಸೆಲ್ ಇಂಜಿನಿನ ಗುಡುಗೂ ಟಯರಿನ ಮೊರೆತವೂ ತಗ್ಗುನಾದಗಳೇ ಆದುದರಿಂದ ಇದ್ದಷ್ಟನ್ನೂ ಅವು ನುಂಗಿಬಿಡುತ್ತವೆ. ಯಕ್ಷಗಾನದ ಪದ ಹಾಕಿದರೆ ಭಾಗವತರ ಕಂಠ, ಜಾಗಟೆ, ಚೆಂಡೆ ಎಲ್ಲವೂ ಕೇಳುತ್ತವೆ. ಮದ್ದಳೆಯ ಎಡಗಡೆಯ ತುಂಬುನಾದ ಮಾತ್ರ ಇಲ್ಲ. ಅದನ್ನು ಕೇಳುವ ಆಸೆಯಿಂದ ಹುಡುಗರು ಒಟ್ಟು ಸದ್ದನ್ನೇ ಏರಿಸುತ್ತಾರೆ, ಆಗ ಸಣ್ಣ ಸ್ಪೀಕರು ಕರಕರನೆ ಒಡೆಯುತ್ತದೆ. ಸಣ್ಣದೊಂದು ಸಬ್ ವೂಫರ್ ಇದ್ದರೆ ಈ ಏರಿಸುವ ಚಪಲ ಕಡಮೆಯಾಗುತ್ತದೆಂಬುದು ಅದರ ಪರವಾಗಿ ಹೇಳತಕ್ಕ ಒಂದು ಮಾತು.

ಇನ್ನು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ಅಣ್ಣನ ಮಗ ಸಾಲ ತೆಗೆದು ಕೊಂಡ ಪಿಕಪ್ಪಿಗೆ ಪೇಟೆಯ ಒಂದು ಅಂಗಡಿಯಲ್ಲಿ 12 ಇಂಚಿನ ಸಬ್ ವೂಫರನ್ನೂ ಅದಕ್ಕೆ ತಕ್ಕ ಆಂಪ್ಲಿಫಯರನ್ನೂ ಹಾಕಿಸಿದ. ಬ್ಯಾಟರಿಯಿಂದ ಬಂದ ತಂತಿಗೆ ಫ್ಯೂಸು ಎಲ್ಲಿದೆಯೆಂದು ನಾನು ಕೇಳಿದಾಗ, "ಚಿಕ್ಕಪ್ಪಾ, ಫ್ಯೂಸು ಆಂಪ್ಲಿಫಯರಿನಲ್ಲೇ ಉಂಟು, ನಿಮಗೆ ಅದೆಲ್ಲ ಗೊತ್ತಾಗಲಿಕ್ಕಿಲ್ಲ" ಎಂದ. ನಾನೂ ಸುಮ್ಮನಾದೆ, ಅದು ನನ್ನ ತಪ್ಪು. ಮಳೆಗಾಲದ ಒಂದು ಬೆಳಿಗ್ಗೆ ಹನ್ನೆರಡು ಗೋಣಿ ಚಾಲಿ ಹೇರಿಕೊಂಡು ವಿಟ್ಲಕ್ಕೆ ಹೊರಟವನಿಗೆ ಪೆರ್ಲ ದಾಟಿ ಅಡ್ಕಸ್ಥಳ ತಲಪುವ ಮೊದಲೇ ರಬ್ಬರು ಸುಟ್ಟ ನಾತ ಬಂತು. ಕಾಲಡಿಯ ಚಾಪೆಯಿಂದ ಹೊಗೆ. ಇಂಜಿನಿನ ಕಡೆಯಿಂದ ತಂತಿ ಒಳಬರುವ ತಗಡಿನ ತೂತಿಗೆ ರಬ್ಬರಿನ ಬಳೆ ಹಾಕಿರಲಿಲ್ಲ. ಕುಲುಕಾಟದಲ್ಲಿ ತಂತಿಯ ಮೈ ಸವೆದು ತಗಡಿಗೆ ತಾಗಿತ್ತು. ಬ್ಯಾಟರಿಯ ಬಲವೆಲ್ಲ ಅಲ್ಲಿಯೇ ಹರಿಯತೊಡಗಿತ್ತು. ತಡೆಯಲು ನಡುವೆ ಏನೂ ಇರಲಿಲ್ಲ. ಪುಣ್ಯಕ್ಕೆ ಸ್ಪ್ಯಾನರು ಕೈಗೆ ಸಿಗುವ ಕಡೆ ಇತ್ತು. ಬ್ಯಾಟರಿಯ ತುದಿ ಕಳಚಿದ. ಚಾಪೆಯೂ ಆಸನದ ಒಂದು ಅಂಚೂ ಹೋದುವು. ಅಡಿಕೆ ಉಳಿಯಿತು, ಹುಡುಗ ಉಳಿದ. ಸಾಲವಂತೂ ಆಗಲೂ ಎರಡು ವರ್ಷದ್ದು ಬಾಕಿ ಇತ್ತು.

ಆಂಪ್ಲಿಫಯರಿನಲ್ಲಿರುವ ಫ್ಯೂಸು ಆಂಪ್ಲಿಫಯರನ್ನು ಕಾಯುವುದು. ತಂತಿಯನ್ನು ಕಾಯುವ ಫ್ಯೂಸು ಬೇರೆ. ಅದು ಬ್ಯಾಟರಿಯಿಂದ ಒಂದು ಮೊಳದೊಳಗೆ ಇರತಕ್ಕದ್ದು. ಫ್ಯೂಸಿಗೂ ಬ್ಯಾಟರಿಗೂ ನಡುವಣ ತುಂಡಿಗೆ ಯಾವ ಕಾವಲೂ ಇಲ್ಲವಾದುದರಿಂದ ಅದು ಎಷ್ಟು ಗಿಡ್ಡವೋ ಅಷ್ಟು ಕ್ಷೇಮ.

ಎಷ್ಟು ವಿದ್ಯುತ್ತು ಬೇಕೆಂಬುದನ್ನು ಯಾರೂ ಲೆಕ್ಕ ಹಾಕಬಹುದು. ನಿಜವಾದ 150 ವ್ಯಾಟಿನ ಹೊಸ ಬಗೆಯ ಆಂಪ್ಲಿಫಯರು ತನ್ನೊಳಗಿನ ನಷ್ಟವನ್ನೂ ಸೇರಿಸಿ ಸುಮಾರು 190 ವ್ಯಾಟು ಎಳೆಯುತ್ತದೆಂದು ಇಟ್ಟುಕೊಂಡರೆ, 12 ವೋಲ್ಟಿನಲ್ಲಿ ಅದು 16 ಆಂಪಿಯರಿನಷ್ಟಾಯಿತು. ಹೆಡ್‌ಲೈಟಿನ 55 ವ್ಯಾಟಿನ ಬಲ್ಬು ಎಳೆಯುವುದು ಐದು ಆಂಪಿಯರಿಗೂ ಕಡಮೆ. ಅಂದರೆ ಪದ್ಯ ಏರಿದಾಗ ಮೂರಕ್ಕೂ ಹೆಚ್ಚು ಹೆಡ್‌ಲೈಟು ಹೊಸದಾಗಿ ಹೊತ್ತಿಸಿದಂತೆ. ಇದು ಎಡೆಬಿಡದೆ ಇರುವುದಿಲ್ಲ ನಿಜ, ಆದರೆ ತಂತಿಯನ್ನು ಆರಿಸಬೇಕಾದದ್ದು ಆ ಏರಿಕೆಯ ಲೆಕ್ಕಕ್ಕೇ. 300 ವ್ಯಾಟಾದರೆ ಇದರ ಎರಡರಷ್ಟು. ರೇಡಿಯೋದ ಹಿಂದಿನ ಸಣ್ಣ ತಂತಿಯಿಂದ ಇದನ್ನು ಕದ್ದು ತೆಗೆಯುವವರು ಬೆಂಕಿಯನ್ನು ಕೈಯಾರೆ ಕರೆಯುತ್ತಾರೆ.

ಇಲ್ಲಿ ನಮ್ಮ ಕೃಷಿಕರಿಗೆ ಗೊತ್ತಿರುವ ಒಂದು ಪರೀಕ್ಷೆಯನ್ನು ನೆನಪು ಮಾಡುತ್ತೇನೆ. ಬೋರ್ಡೋ ದ್ರಾವಣ ತಯಾರಿಸಿದ ಮೇಲೆ ನಾವೇನು ಮಾಡುತ್ತೇವೆ? ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತೇವೆ; ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ತಂತಿಗೂ ಅದೇ ಕತ್ತಿ ಸಾಕು. ಅಂಗಡಿಯಲ್ಲಿ ತಾಮ್ರದ್ದೆಂದು ಕೊಡುವ ಅಗ್ಗದ ತಂತಿ ಹಲವು ಸಲ ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ಆಗಿರುತ್ತದೆ. ಎಳೆಯೊಂದನ್ನು ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದು ಬೇಗ ಬಿಸಿಯಾಗುತ್ತದೆ, ನಮ್ಮ ತೇವದ ಹವೆಯಲ್ಲಿ ಕೂಡುವಲ್ಲಿ ಬೂದಿಯಂತೆ ತಿನ್ನುತ್ತದೆ. ಮೈಲುತುತ್ತಿನ ಗುಣಕ್ಕಾಗಿ ಅಂಗಡಿಯವನೊಡನೆ ಅರ್ಧ ಗಂಟೆ ವಾದಿಸುವ ನಾವು ತಂತಿಯ ವಿಷಯದಲ್ಲಿ ಮಾತ್ರ ಏಕೆ ಇಷ್ಟು ಉದಾರಿಗಳೋ ತಿಳಿಯದು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಜಿಲ್ಲೆ ನಮ್ಮದು. ಆದುದರಿಂದ ನೆಲತಂತಿಯನ್ನು ಗಾಡಿಯ ತಗಡಿಗೆ ಬಿಗಿಯುವಲ್ಲಿ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೇ ಬಿಗಿದು, ಮೇಲೆ ಗ್ರೀಸು ಬಳಿಯಬೇಕು. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಅದನ್ನು ಬಿಚ್ಚಿ ನೋಡುವುದು ಒಳಿತು. ಮತ್ತೊಂದು ಸಣ್ಣ ತಂತಿಯುಂಟು. ಕೀಲಿ ತಿರುಗಿಸಿದಾಗ ಮಾತ್ರ ಆಂಪ್ಲಿಫಯರನ್ನು ಎಬ್ಬಿಸುವುದು ಅದರ ಕೆಲಸ. ಅದನ್ನು ಸೋಮಾರಿತನದಿಂದ ನೇರವಾಗಿ ಬ್ಯಾಟರಿಗೇ ಕಟ್ಟಿದರೆ ಆಂಪ್ಲಿಫಯರು ರಾತ್ರಿಯಿಡೀ ಎಚ್ಚರವಿದ್ದು, ಬೆಳಿಗ್ಗೆ ಗಾಡಿ ಏಳುವುದಿಲ್ಲ.

ಪೆಟ್ಟಿಗೆ ಯಾವುದು ಎಂದು ಕೇಳುವಿರಾದರೆ, ಒಂಟಿ ಕ್ಯಾಬಿನಿನ ಪಿಕಪ್ಪಿಗೆ 12 ಇಂಚಿನದ್ದು ಹುಚ್ಚು. ಆಸನದ ಹಿಂದೆ ಇರುವುದು ಗೇಣಿಗಿಂತ ಕಡಮೆ ಜಾಗ. ಅಲ್ಲಿ ಜಾಕಿಯೂ ಪಾನೆಗಳೂ ಇರಬೇಕು. 8 ಇಂಚಿನ, ಆಂಪ್ಲಿಫಯರು ಒಳಗೇ ಇರುವ, ತೆಳುವಾದ ಪೆಟ್ಟಿಗೆ ಅಷ್ಟು ಸಣ್ಣ ಕೋಣೆಗೆ ಧಾರಾಳವಾಯಿತು. ಇಂಜಿನು ಆಸನದ ಕೆಳಗಿರುವ ಸಣ್ಣ ಗಾಡಿಗಳಲ್ಲಿ ಮಾತ್ರ ಆಸನದಡಿಯಲ್ಲಿ ಇಡಕೂಡದು, ಕಾವು ಅದನ್ನು ಕೊಲ್ಲುತ್ತದೆ. ಇಂಥ ಪೆಟ್ಟಿಗೆಗೆ ಕಂಪೆನಿಯ ರೇಡಿಯೋವನ್ನು ಕಿತ್ತು ಬದಲಿಸಬೇಕಾಗಿಲ್ಲ; ಸ್ಪೀಕರಿಗೆ ಹೋಗುವ ತಂತಿಯಿಂದಲೇ ನಾದದ ಸುಳಿವನ್ನು ತೆಗೆದುಕೊಳ್ಳುವ ಸೌಕರ್ಯ ಹೆಚ್ಚಿನವುಗಳಲ್ಲಿ ಇರುತ್ತದೆ. ಆಗಲೂ ಮೂಲತಂತಿಯನ್ನು ಕತ್ತರಿಸಗೊಡಬೇಡಿ. ನಡುವೆ ಸಿಕ್ಕಿಸುವ ಜೋಡಣೆ ಸಿಗುತ್ತದೆ, ಅದನ್ನೇ ಕೇಳಿ. ಕತ್ತರಿಸಿದರೆ ಕಂಪೆನಿಯ ವಾರಂಟಿಗೆ ತಕರಾರು ಬರುತ್ತದೆ. ಪೆಟ್ಟಿಗೆಯ ಜೊತೆಗೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿ. ನಮಗೆ ಬೇಕಾದದ್ದು ಅದರಲ್ಲಿ ಎರಡೇ ಸಂಗತಿ: ತಗ್ಗುನಾದವನ್ನು ಬೇರ್ಪಡಿಸುವ ಗುಂಡಿಯನ್ನು 80ರ ಆಸುಪಾಸಿನಲ್ಲಿ ನಿಲ್ಲಿಸುವುದು, ಗೇನ್ ಎಂಬ ಗುಂಡಿಯನ್ನು ಸದ್ದು ಹೆಚ್ಚಿಸುವುದಕ್ಕೆಂದು ತಿರುಗಿಸದಿರುವುದು. ಅದು ರೇಡಿಯೋಕ್ಕೂ ಆಂಪ್ಲಿಫಯರಿಗೂ ಹೊಂದಾಣಿಕೆ ಮಾಡತಕ್ಕದ್ದು.

ಇಷ್ಟಕ್ಕೂ ಮೊದಲು ಬಾಗಿಲ ತಗಡಿನ ಒಳಮೈಗೆ ಅಂಟುವ ರಬ್ಬರು ಹಾಳೆ ಹಾಕಿ, ತೂತುಗಳನ್ನು ಮುಚ್ಚಿ ನೋಡಿರೆಂದು ನನ್ನ ಸಲಹೆ. ಎಷ್ಟೋ ಗಾಡಿಗಳಲ್ಲಿ ಅದರಿಂದಲೇ ನಾದ ತುಂಬಿಬರುತ್ತದೆ, ಸಬ್ ವೂಫರಿನ ಮಾತೇ ಬಿದ್ದುಹೋಗುತ್ತದೆ.

ಕಿವಿಯ ಮಾತಿಗೆ ಬರುತ್ತೇನೆ. ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳವಾಗಿ ಕಲ್ಲಡ್ಕಕ್ಕೆ ಹೋಗುವ ದಾರಿಯ ತಿರುವುಗಳನ್ನು ಬಲ್ಲವರು ಬಲ್ಲರು. ಅಲ್ಲಿ ಗಾಡಿ ನಡೆಸುವವನು ಕಣ್ಣಿನಷ್ಟೇ ಕಿವಿಯಿಂದಲೂ ನಡೆಸುತ್ತಾನೆ. ತಿರುವಿನಾಚೆಯ ಬಸ್ಸಿನ ಹಾರ್ನು, ಹಿಂದೆ ಹಗ್ಗ ಸಡಿಲಿ ಗೋಣಿ ಜಾರಿದ ಸದ್ದು, ಗಾಲಿಯ ಬೇರಿಂಗು ಹಾಳಾಗುವ ಮುಂಚಿನ ಗುಂಯ್ಗಾಟ ಇವೆಲ್ಲ ಅವನಿಗೆ ಸುದ್ದಿ ತರುವ ದೂತರು. ಇವುಗಳಲ್ಲಿ ಗಾಲಿಯ ಗುಂಯ್ಗಾಟವೂ ತಗ್ಗುನಾದವೇ. ಸಬ್ ವೂಫರಿನ ಅಬ್ಬರ ಮೊಟ್ಟಮೊದಲು ಮುಚ್ಚಿಹಾಕುವುದು ಅದನ್ನೇ.

ಕಿವಿಗೂ ಒಂದು ಲೆಕ್ಕವಿದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದೆಂದು ಕೆಲಸದ ಸ್ಥಳಗಳಿಗೆ ಇಟ್ಟ ಒಂದು ಪ್ರಸಿದ್ಧ ಮಿತಿ; ಪ್ರತಿ 3 ಡೆಸಿಬಲ್ ಏರಿದಂತೆ ಕಾಲ ಅರ್ಧಕ್ಕಿಳಿಯುತ್ತದೆ. 94ಕ್ಕೆ ತಲಪಿದರೆ ಒಂದೇ ಗಂಟೆ. ಯಂತ್ರವಿಲ್ಲದೆ ಅಳೆಯುವುದು ಹೇಗೆ? ಪಕ್ಕದಲ್ಲಿ ಕೂತವನೊಡನೆ ಗಂಟಲು ಏರಿಸದೆ ಮಾತಾಡಲು ಆಗಬೇಕು. ಆಗದಿದ್ದರೆ ಸದ್ದು ಹೆಚ್ಚಾಯಿತೆಂದೇ ತಿಳಿಯಿರಿ.

ಕಾಯಿದೆಯ ವಿಚಾರ ಚುಟುಕಾಗಿ ಹೇಳುವೆನು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6ರ ತನಕ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರು ನಿಶ್ಶಬ್ದ ವಲಯವಾಗಬಹುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಗಾಡಿಯ ಮೂಲರೂಪವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದಿಂದಲೇ ಹೋದ ವ್ಯಾಜ್ಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. 2022ರ ಅಕ್ಟೋಬರಿನಲ್ಲಿ ವಡಕ್ಕಂಚೇರಿಯ ಬಸ್ಸು ಅಪಘಾತದಲ್ಲಿ ಒಂಬತ್ತು ಮಂದಿ ತೀರಿಕೊಂಡ ಬಳಿಕ ಪ್ರವಾಸಿ ಬಸ್ಸುಗಳ ಮಿನುಗುದೀಪ, ಅಬ್ಬರದ ಧ್ವನಿಯಂತ್ರಗಳ ಮೇಲೆ ಕೇರಳ ಉಚ್ಚ ನ್ಯಾಯಾಲಯದ ಕಣ್ಣು ಬಿದ್ದಿತು. ಆಸನ ಕಿತ್ತು, ಕ್ಯಾಬಿನು ಕೊರೆದು ಪೆಟ್ಟಿಗೆ ಕೂರಿಸಹೊರಟವರು ಇದನ್ನು ನೆನಪಿಡಬೇಕು.

ಅಣ್ಣನ ಮಗ ಈಗ 8 ಇಂಚಿನದ್ದನ್ನು ಹಾಕಿಸಿದ್ದಾನೆ. ತಂತಿಯನ್ನು ತಾನೇ ಕೆರೆದು ನೋಡಿ ಕೊಂಡನಂತೆ. ಫ್ಯೂಸು ಬ್ಯಾಟರಿಯ ಬದಿಯಲ್ಲಿದೆ, ಅದೇ ಅಳತೆಯ ಇನ್ನೆರಡು ಫ್ಯೂಸುಗಳನ್ನು ಗಾಡಿಯ ಕಾಗದಪತ್ರಗಳ ಜೊತೆಗೆ ಇಟ್ಟಿದ್ದಾನೆ. ಫ್ಯೂಸು ಹೋದಾಗ ಅದರ ಜಾಗಕ್ಕೆ ತಂತಿಯ ತುಂಡು ಸುತ್ತಿ ಪ್ರಯಾಣ ಮುಂದುವರಿಸುವ ಅಭ್ಯಾಸ ನಮ್ಮಲ್ಲಿ ಬಹಳ; ಆ ಎರಡು ಫ್ಯೂಸಿನ ಬೆಲೆ ಒಂದು ಚಹಾದ್ದಕ್ಕಿಂತ ತುಸು ಹೆಚ್ಚು ಇದ್ದೀತು.