ಕಾಳಿ ಕಣಿವೆಯ ಅತಿಥಿಗಳಿಗೂ ಮನೆಯವರಿಗೂ

ಫೆಬ್ರುವರಿ ಬಂತೆಂದರೆ ದಾಂಡೇಲಿ ಕಾಡಿನ ಹೆಣ್ಣು ಮಂಗಟ್ಟೆ ಮುದಿಮರವೊಂದರ ಪೊಟರೆ ಹೊಕ್ಕು ಬಾಗಿಲನ್ನು ಒಳಗಿನಿಂದ ಮೆತ್ತಿಕೊಳ್ಳುತ್ತದೆ. ಕೊಕ್ಕಿನ ತುದಿ ಹೊರಚಾಚುವಷ್ಟು ಸೀಳು ಮಾತ್ರ ಉಳಿಯುತ್ತದೆ. ಅಲ್ಲಿಂದ ಮೂರು ತಿಂಗಳ ಆಚೀಚೆ ತಾಯಿ, ಮರಿ ಎರಡರ ಹೊಟ್ಟೆಪಾಡೂ ಹೊರಗಿರುವ ಗಂಡುಹಕ್ಕಿಯದು. ಅತ್ತಿ, ಬಸರಿ, ಗೋಳಿ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಅದು ದಿನಕ್ಕೆ ಹಲವು ಸಲ ಮರದ ಬಳಿ ಬರಬೇಕು. ಗದ್ದಲಕ್ಕೆ ಬೆದರಿ ಅದು ದೂರವೇ ಉಳಿದರೆ ಪೊಟರೆಯೊಳಗೆ ಉಪವಾಸ.

ನಮ್ಮ ಪ್ರವಾಸದ ಸೀಜನ್ನೂ ಅದೇ ತಿಂಗಳುಗಳಲ್ಲಿ ಏರುತ್ತದೆ. ಶುಕ್ರವಾರ ಸಂಜೆ ಹಳಿಯಾಳ ದಾಟಿ ಬರುವ ಕಾರುಗಳ ಸಾಲು, ಶನಿವಾರ ರಾತ್ರಿ ಹೊಳೆದಂಡೆಯಲ್ಲಿ ಬೆಂಕಿ ಹಾಕಿ ಕುಣಿತ, ಆಚೆ ದಂಡೆಯವರೆಗೂ ಎದೆ ನಡುಗಿಸುವ ಡಿಜೆ. 2011ರಲ್ಲಿ ಇದೇ ದಾಂಡೇಲಿಯಲ್ಲಿ ಮಂಗಟ್ಟೆಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿದೆವು. ಹಕ್ಕಿಯ ಹೆಸರಲ್ಲಿ ಹಬ್ಬ ಮಾಡಿದೆವು. ಅದು ಗೂಡು ಕೂತ ರಾತ್ರಿಗಳಲ್ಲಿ ಮಾತ್ರ ಅದನ್ನು ಮರೆತೆವು. ಇದು ನಮ್ಮ ಅಪರಾಧ. ಬೇರೆ ಹೆಸರು ಅದಕ್ಕಿಲ್ಲ.

ಹಕ್ಕಿಯನ್ನಷ್ಟೇ ಅಲ್ಲ, ಇಲ್ಲಿನ ಜನರನ್ನೂ ಮರೆತಿದ್ದೇವೆ. ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುವ ಕಾಳಿ, ತನ್ನವರ ಮನೆಗಳನ್ನು ಎದೆಯಲ್ಲಿಟ್ಟುಕೊಂಡ ಹೊಳೆ. ಗಣೇಶಗುಡಿಯಲ್ಲಿ ರ‍್ಯಾಫ್ಟ್ ಏರಿ ಕೇಕೆ ಹಾಕುವಾಗ ಒಮ್ಮೆ ಮೇಲಿನ ಸೂಪಾ ಅಣೆಕಟ್ಟನ್ನು ನೋಡಿ. ನಮ್ಮನ್ನು ತೇಲಿಸುವ ನೀರು ಅಲ್ಲಿಂದ ವಿದ್ಯುತ್ ಮಾಡಿ ಬಿಟ್ಟದ್ದು. ಆ ಜಲಾಶಯದ ತಳದಲ್ಲಿ ಸೂಪಾ ಪೇಟೆಯಿದೆ; ಸುತ್ತಲ ಹಳ್ಳಿಗಳ ಅಂಗಳ, ಗದ್ದೆ, ದೇವರ ಕಟ್ಟೆಗಳಿವೆ. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು, ಒಕ್ಕಲೆದ್ದವರು ರಾಮನಗರಕ್ಕೆ ಹೋದರು. ಅಣೆಕಟ್ಟು ಮುಗಿದ 1987ರಲ್ಲೇ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಹುಲಿ ಮೀಸಲು ಬಂತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಒಂದೊಂದು ಘೋಷಣೆಗೂ ಕಾಡಿನಲ್ಲೇ ಬೇಸಾಯ ಮಾಡಿಕೊಂಡಿದ್ದ ಕುಣಬಿಯೋ ಎಮ್ಮೆ ಸಾಕುವ ಗೌಳಿಯೋ ಏನನ್ನಾದರೂ ಬಿಟ್ಟುಕೊಟ್ಟಿದ್ದಾನೆ. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ಬಿಡು ಅಂದರು, ಎಮ್ಮೆ ಮೇಯಿಸಬೇಡ ಅಂದರು, ಕೊನೆಗೆ ಪರಿಹಾರ ತಗೊಂಡು ಕಾಡಿನಿಂದಲೇ ಹೊರಡು ಅಂದರು. ಮಳೆಗಾಲದಲ್ಲಿ ರೋಗಿಯನ್ನು ಜೋಲಿಯಲ್ಲಿ ಹೊತ್ತು ತರುವ ಹಳ್ಳಿಗಳು ಜೋಯಿಡಾದಲ್ಲಿ ಇಂದಿಗೂ ಇವೆ. ಕತ್ತಿ ಹಿಡಿದು ಸೊಪ್ಪಿಗೆ ಹೋದವಳನ್ನು ತಡೆದು ನಿಲ್ಲಿಸುವ ನಾಡಿನಲ್ಲಿ ಈಜುಕೊಳ ತೋಡುವ ಜೆಸಿಬಿಗೆ ದಾರಿ ಹೇಗೆ ಸಿಗುತ್ತದೆ? ಉತ್ತರ ಕೊಡಬೇಕಾದವರು ಬಹಳ ಮಂದಿ ಇದ್ದಾರೆ. ಹಣ ಕೊಟ್ಟು ಆ ಕೊಳಕ್ಕಿಳಿಯುವ ನಾವೂ ಅವರಲ್ಲಿ ಸೇರಿದ್ದೇವೆ.

ಪ್ರವಾಸಿಗರು ಬರಬಾರದೆಂದು ನಾನು ಹೇಳುತ್ತಿಲ್ಲ. ಈ ಕಾಡಿಗೆ ಹೊರಗಿನವರು ಹೊಸಬರಲ್ಲ. ಮಾಘದಲ್ಲಿ ಉಳವಿ ಚನ್ನಬಸವಣ್ಣನ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿಗಳು ತಲೆಮಾರುಗಳಿಂದ ಇದೇ ಹಾದಿಯಲ್ಲಿ ಬಂದಿವೆ, ರಾತ್ರಿ ಮರದಡಿ ತಂಗಿವೆ. ಇನ್ನು ಮುಂಡಗೋಡಕ್ಕೆ ಹೋಗಿ ನೋಡಿ. ನೆಲೆ ಕಳೆದುಕೊಂಡು ಬಂದ ಟಿಬೆಟನ್ನರು 1966ರಲ್ಲಿ ಕಟ್ಟಿಕೊಂಡ ಕ್ಯಾಂಪಿನಲ್ಲಿ ಗಾಂಡೆನ್, ಡ್ರೆಪುಂಗ್ ವಿಹಾರಗಳಿವೆ. ನಮ್ಮ ಜನವೇ ಅಲ್ಲಿ ಚಪ್ಪಲಿ ಕಳಚಿ, ದನಿ ತಗ್ಗಿಸಿ, ಮಕ್ಕಳ ಕೈ ಹಿಡಿದು ಮೆಲ್ಲಗೆ ನಡೆಯುತ್ತಾರೆ. ಅದೇ ಜನ ಮರುದಿನ ಕಾಳಿಯ ದಂಡೆಯಲ್ಲಿ ಬಾಟಲಿ ಒಡೆಯುತ್ತಾರೆ. ಮರ್ಯಾದೆ ನಮಗೆ ಗೊತ್ತಿದೆ. ಎಲ್ಲಿ ತೋರಬೇಕೆಂಬುದನ್ನು ಮಾತ್ರ ನಾವೇ ಆಯ್ದುಕೊಂಡಿದ್ದೇವೆ.

ಜನವರಿಯಲ್ಲಿ ಜೋಯಿಡಾದ ಗಡ್ಡೆ ಗೆಣಸು ಮೇಳಕ್ಕೆ ಬಂದವರಿಗೆ ನಾನು ಏನು ಬಯಸುತ್ತೇನೆಂದು ವಿವರಿಸಬೇಕಿಲ್ಲ. ಕುಣಬಿ ಹೆಂಗಸರು ತಾವೇ ಅಗೆದ ಗಡ್ಡೆಗಳನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ಇದು ಬೇಯಿಸಿ ತಿನ್ನುವುದು, ಇದರ ತುರಿಕೆ ಹುಳಿ ಹಾಕಿದರೆ ಹೋಗುತ್ತದೆ ಎಂದು ಹೇಳಿಕೊಡುತ್ತಾರೆ. ಪೇಟೆಯವನು ಬಗ್ಗಿ ಕೇಳುತ್ತಾನೆ, ಅವಳು ಹೇಳಿದ ಬೆಲೆ ಕೊಡುತ್ತಾನೆ. ಅಲ್ಲಿ ಅವಳು ಯಜಮಾನಿ. ಅವಳೇ ರೆಸಾರ್ಟಿನಲ್ಲಿ ಪಾತ್ರೆ ತೊಳೆಯುವವಳು, ಅವಳ ಮಗ ತನ್ನಪ್ಪನದೇ ಗದ್ದೆಯಲ್ಲಿ ಎದ್ದ ಗೇಟಿನ ವಾಚ್‌ಮನ್. ತಮ್ಮ ಹಬ್ಬಕ್ಕೆ, ತಮ್ಮ ಹಿರಿಯರ ನೆನಪಿಗೆ ದಮಾಮಿ ವಾದ್ಯ ಬಾರಿಸುವ ಸಿದ್ದಿ ಸಮುದಾಯದವರನ್ನು ಕುಡಿದವರ ಎದುರು ಅರ್ಧ ತಾಸು ಕುಣಿಸುತ್ತೇವೆ. ಕಾಡು ಉಳಿಸಿದವರನ್ನು ಆಳುಗಳನ್ನಾಗಿ ಮಾಡುವ ಪ್ರವಾಸಕ್ಕೆ ಪರಿಸರದ ಹೆಸರು ಇಡಬೇಡಿ.

ಜೋಯಿಡಾ, ಹಳಿಯಾಳ, ಮುಂಡಗೋಡದ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ, ಮಾಲ್ಕಿ ಜಮೀನನ್ನು ಲೀಸಿಗೆ ಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಊರವರೆಲ್ಲ ಕೂತು ಮಾತಾಡಿ. ಕಾಡು, ಹೊಳೆ, ಜೀವಜಂತುಗಳನ್ನು ಕಾಯುವ ಅಧಿಕಾರವನ್ನು 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ. ಆ ಸಭೆ ಕರೆಯಿರಿ. ಎರಡು ಕೋಣೆಯ ಹೋಂಸ್ಟೇ ಸಾಕು, ಅದು ನಿಮ್ಮದೇ ಆಗಿರಲಿ. ರೆಸಾರ್ಟಿನ ಮಾಲೀಕರೇ, ರಾತ್ರಿ 10ರ ನಂತರ ಧ್ವನಿವರ್ಧಕ ಹಚ್ಚಕೂಡದೆಂಬ ನಿಯಮ 2000ದಿಂದಲೂ ಇದೆ. ಹಕ್ಕಿ ಗೂಡು ಕೂತ ತಿಂಗಳುಗಳಲ್ಲಿ ಹಗಲೂ ಧ್ವನಿವರ್ಧಕ ಮುಟ್ಟಬೇಡಿ. ಅಧಿಕಾರಿಗಳೇ, ಸೊಪ್ಪಿನ ಹೊರೆಯ ಮೇಲೆ ಬೀಳುವ ನಿಮ್ಮ ಕಣ್ಣು ಹೊಳೆಗೆ ಇಳಿಬಿಟ್ಟ ಕೊಳಚೆ ಪೈಪಿನ ಮೇಲೂ ಬೀಳಲಿ.

ಈ ಬೇಸಿಗೆಯಲ್ಲಿ ಕಾಳಿಯ ಕಡೆ ಹೊರಟವರೇ, ಊರಿನವರ ಮನೆಯಲ್ಲೇ ಉಳಿಯಿರಿ. ಅವರು ಬಡಿಸಿದ್ದನ್ನು ಉಣ್ಣಿ, ತಂದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಒಯ್ಯಿರಿ. ಸ್ಪೀಕರ್ ಮನೆಯಲ್ಲೇ ಇಟ್ಟು ಬನ್ನಿ.