ಹೊಳೆಯ ದರ್ಜೆ, ನಮ್ಮ ಅಳವು

ಗೋವೆಯಿಂದ ಘಟ್ಟವೇರಿದರೆ ದಾಂಡೇಲಿ ದೂರವೇನಲ್ಲ. ಅಲ್ಲಿಯ ಕಾಳಿ ನದಿಯಲ್ಲಿ ರಬ್ಬರ್ ತೆಪ್ಪವೇರಬೇಕೆಂದು ಮಕ್ಕಳು ಹಟ ಹಿಡಿಯುವುದುಂಟು. ಒಪ್ಪುವ ಮೊದಲು ಒಂದು ವಿಚಾರ ತಿಳಿದಿರಲಿ.

ನೀರಿನ ಸೆಳವಿಗೆ 1ರಿಂದ 6ರವರೆಗೆ ದರ್ಜೆಗಳಿವೆ. 1 ಮತ್ತು 2 ಹೊಸಬರಿಗೆ. 3ಕ್ಕೆ ನುರಿತ ಮಾರ್ಗದರ್ಶಕನಿರಬೇಕು. 4, 5 ಪಳಗಿದವರಿಗೆ. 6 ಪ್ರಾಣಕ್ಕೇ ಸಂಚಕಾರ. ಆದರೆ ದರ್ಜೆಯೆಂಬುದು ಶಿಲಾಶಾಸನವಲ್ಲ. ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಡುವ ನೀರು ಹೆಚ್ಚಿದಂತೆ ಅದೇ ಹೊಳೆ ಬೇರೆಯಾಗುತ್ತದೆ. ನಿನ್ನೆ ನೆರೆಮನೆಯವರು ನಗುತ್ತ ದಾಟಿದ ಸೆಳವು ಇಂದು ನಮ್ಮ ತೆಪ್ಪವನ್ನು ಮಗುಚೀತು.

ಆದುದರಿಂದ ‘ಇಂದಿನ ನೀರು ಎಷ್ಟನೆಯ ದರ್ಜೆಯದು?’ ಎಂದು ಕೇಳಿರಿ. ಈಜು ಬಲ್ಲವರಿಗೂ ಲೈಫ್ ಜಾಕೆಟ್ಟು, ಹೆಲ್ಮೆಟ್ಟು ತೊಡಿಸಿರಿ. ಮಾರ್ಗದರ್ಶಕನು ಬೇಡವೆಂದರೆ ಸಂಕೋಚವಿಲ್ಲದೆ ಹಿಂದಿರುಗಿರಿ. ಕಾಳಿ ಬರುವ ವರ್ಷವೂ ಹರಿಯುತ್ತಾಳೆ.