ಕರಂಡವೂ ನಿಷಿಧಿಯೂ: ಇಬ್ಬಗೆಯ ಓದಿಗೆ ಒಂದು ಆಕ್ಷೇಪ

ಕುಮಟಾ ತಾಲ್ಲೂಕಿನ ಯಾಣದಲ್ಲಿ ನೆಲದ ಕಪ್ಪು ಮಣ್ಣು ಭಸ್ಮಾಸುರನ ಬೂದಿಯೆಂಬ ಐತಿಹ್ಯವಿದೆ. ಆ ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕೆಂದು ಯಾವ ಸಾಹಿತ್ಯ ವಿದ್ಯಾರ್ಥಿಯೂ ಕೇಳುವುದಿಲ್ಲ. ಸ್ಥಳಪುರಾಣವನ್ನು ಓದುವ ಬಗೆ ಅವನಿಗೆ ತಿಳಿದಿದೆ. ಆದರೆ ಸಂತನ ಅಸ್ಥಿಯನ್ನಿರಿಸಿದ ಬೆಳ್ಳಿಯ ಕರಂಡದ ಮುಂದೆ ನಿಂತೊಡನೆ ಅವನು ರಸಾಯನಶಾಸ್ತ್ರಜ್ಞನಾಗುತ್ತಾನೆ: ಎಲುಬು ನಿಜವೇ, ಅಲ್ಲವೇ? ಬಳಿಕ ‘ಪರದೇಶದ ಮೌಢ್ಯ’ ಎಂದು ಷರಾ ಬರೆದು ಮುಂದೆ ಸಾಗುತ್ತಾನೆ. ಈ ಇಬ್ಬಗೆಯ ಓದಿಗೆ ನನ್ನ ಆಕ್ಷೇಪವಿದೆ.

ಮೊದಲನೆಯದಾಗಿ, ಅದು ಪರದೇಶದ್ದೆಂಬ ಮಾತು ನಿಲ್ಲುವುದಿಲ್ಲ. ಸಂತ ಫ್ರಾನ್ಸಿಸ್ ಝೇವಿಯರ್ 1552ರ ಡಿಸೆಂಬರ್ 3ರಂದು ಚೀನಾದ ಅಂಚಿನ ದ್ವೀಪವೊಂದರಲ್ಲಿ ತೀರಿಕೊಂಡರು. 1554ರಲ್ಲಿ ಅವರ ದೇಹ ಗೋವೆಗೆ ಬಂದಿತು. 1614ರಲ್ಲಿ ಬಲಗೈಯ ಮುಂದೋಳನ್ನು ಬೇರ್ಪಡಿಸಿ ರೋಮಿಗೆ ಕಳುಹಿಸಲಾಯಿತು. ದೇಹವನ್ನಿರಿಸಿದ 1637ರ ಬೆಳ್ಳಿಯ ಮಂಜೂಷೆ ಗೋವೆಯ ಕುಶಲಕರ್ಮಿಗಳ ಕೈಕೆಲಸ. ಅದರ ಫಲಕಗಳಲ್ಲಿ ಸಂತನ ಜೀವನ ಪ್ರಸಂಗಗಳು ಮೂಡಿವೆ. ಅದು ಬೆಳ್ಳಿಯಲ್ಲಿ ರಚಿತವಾದ ಚರಿತಕಾವ್ಯವೆಂದರೆ ಅತಿಶಯೋಕ್ತಿಯಾಗದು. ಹೊನ್ನಾವರ–ಕುಮಟಾ ಸೀಮೆಯ ಚಂದಾವರದಲ್ಲಿ ಆ ಸಂತನ ಹೆಸರಿನ ಇಗರ್ಜಿಯಿದೆ. ಅದರ ಹಬ್ಬಕ್ಕೆ ಅನ್ಯಮತೀಯರೂ ಸೇರುತ್ತಾರೆ. ಇಷ್ಟಾದ ಮೇಲೂ ಅದು ಪರದೇಶದ್ದೇ?

ಎರಡನೆಯ ಆಕ್ಷೇಪ ನಮ್ಮವರ ಮೇಲೆಯೇ. ದೇಹವು ಕೇವಲ ಪುದ್ಗಲವೆಂದು ಬಲ್ಲ ಜೈನರಿಗೆ ಇದರಲ್ಲಿ ಕಲಿಯುವುದೇನಿದೆ ಎಂದು ಕೆಲವರು ಕೇಳುತ್ತಾರೆ. ಸೌಹಾರ್ದದ ಹುರುಪಿನಲ್ಲಿ ‘ಕರಂಡವೂ ನಿಷಿಧಿಯೂ ಒಂದೇ’ ಎನ್ನುವವರೂ ಇದ್ದಾರೆ. ಎರಡೂ ಸೋಮಾರಿತನದ ಮಾತುಗಳು. ಅಂತ್ಯದಿನದಂದು ದೇಹವೂ ಪುನರುತ್ಥಾನ ಹೊಂದುವುದೆಂಬುದು ಕ್ರೈಸ್ತ ನಂಬಿಕೆ. ಆದ್ದರಿಂದ ಎಲುಬು ಅವರಿಗೆ ನಿರೀಕ್ಷೆಯ ಕುರುಹು. ಅದಕ್ಕೆ ಸಲ್ಲುವುದು ಗೌರವ. ಆರಾಧನೆ ದೇವರೊಬ್ಬನಿಗೇ ಮೀಸಲೆಂದು ಅವರ ಶಾಸ್ತ್ರ ಭೇದ ಮಾಡುತ್ತದೆ. ನಿಷಿಧಿಯಾದರೋ ತೊರೆದ ದೇಹವನ್ನಲ್ಲ, ತೊರೆದ ವ್ರತವನ್ನು ಸ್ಮರಿಸುತ್ತದೆ. ಗಂಗ ಮಾರಸಿಂಹ ಸಲ್ಲೇಖನದಿಂದ ಮುಡಿಪಿದ್ದು ಬಂಕಾಪುರದಲ್ಲಿ. ಅವನ ಸ್ಮಾರಕ ಸ್ತಂಭ ನಿಂತಿರುವುದು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ. ದೇಹವಿಲ್ಲದೆಡೆಯಲ್ಲೂ ಸ್ಮೃತಿ ನಿಲ್ಲಬಲ್ಲದೆಂಬುದಕ್ಕೆ ಆ ಕಂಬವೇ ಸಾಕ್ಷಿ. ಈ ವ್ಯತ್ಯಾಸವನ್ನು ಅಳಿಸಿದರೆ ಎರಡು ಮತಗಳಿಗೂ ಅನ್ಯಾಯವಾಗುತ್ತದೆ.

ಆದರೆ ಇತಿಹಾಸ ನಮ್ಮ ವರ್ಗೀಕರಣಕ್ಕೆ ಪೂರ್ಣವಾಗಿ ಒಗ್ಗುವುದಿಲ್ಲ. ಸಂತ ಜೋಸೆಫ್ ವಾಝ್ ಗೋವೆಯವರು. 1681ರಿಂದ ಮೂರು ವರ್ಷ ಕೆನರಾ ಕರಾವಳಿಯಲ್ಲಿ ಸೇವೆ ಸಲ್ಲಿಸಿ, ಮುಂದೆ ಸಿಂಹಳಕ್ಕೆ ಹೋಗಿ, 1711ರಲ್ಲಿ ಕ್ಯಾಂಡಿಯಲ್ಲಿ ನಿಧನರಾದರು. ಅವರ ಸಮಾಧಿಯ ನೆಲೆ ಇಂದು ಪತ್ತೆಯಿಲ್ಲ. ಆದರೂ 2015ರಲ್ಲಿ ಕೊಲಂಬೊದಲ್ಲಿ ಅವರಿಗೆ ಸಂತಪದವಿ ಘೋಷಿತವಾಯಿತು. ಬಂಟ್ವಾಳ ಸೀಮೆಯ ಮುಡಿಪುವಿನ ಗುಡ್ಡಕ್ಕೆ ಭಕ್ತರು ಇಂದಿಗೂ ಅವರ ಹೆಸರಿನಲ್ಲಿ ಹತ್ತುತ್ತಾರೆ. ಎಲುಬಿಲ್ಲದ ಈ ಸಂತನ ನೆನಪು ನಮ್ಮ ನಿಷಿಧಿಗೆ ಎಷ್ಟು ಸಮೀಪ!

ಹಾಡುವಳ್ಳಿ, ಗೇರುಸೊಪ್ಪೆಗಳ ಶಿಲೆಯನ್ನು ಅಕ್ಷರ ಬಿಡದೆ ಓದುವ ಸಂಶೋಧಕನು ಅದೇ ಸೀಮೆಯ ಇಗರ್ಜಿಯ ಬಾಗಿಲಲ್ಲಿ ಕಣ್ಣು ಮುಚ್ಚುವುದು ವಿಚಾರವಾದವಲ್ಲ, ಅರ್ಧ ಅಧ್ಯಯನ. ಕರಂಡವನ್ನು ನಂಬಬೇಕಾಗಿಲ್ಲ. ಯಾರು ಮಾಡಿದರು, ಯಾರು ಮಾಡಿಸಿದರು, ಯಾವ ಕಥೆಯನ್ನು ಅದರ ಮೇಲೆ ಕೆತ್ತಿದರು ಎಂದು ಶಾಸನವನ್ನು ಕೇಳುವಂತೆ ಅದನ್ನೂ ಕೇಳಬೇಕು. ಪರಮತದ ದೃಷ್ಟಿಯನ್ನು ಅದರ ನೆಲೆಯಿಂದಲೇ ಅರಿಯುವುದನ್ನು ಅನೇಕಾಂತವೆಂದು ಕರೆದ ಪರಂಪರೆ ನಮ್ಮದು. ಅದು ಬಾಯಿಮಾತಾಗದಿರಲಿ.